ಅಂಚೆಯೋ, ಕೊರಿಯರೋ? ಬೀಜ-ಪರಿಕರಗಳನ್ನು ಆನ್‌ಲೈನಿನಲ್ಲಿ ತರಿಸುವ ರೈತರು ಗಮನಿಸಬೇಕಾದ ಸಂಗತಿಗಳು

ಬೀಜ, ಔಷಧಿ, ಸಲಕರಣೆಗಳನ್ನು ರೈತರು ಕೊಳ್ಳುವ ರೀತಿ ಇತ್ತೀಚಿನ ವರ್ಷಗಳಲ್ಲಿ ಬಹಳ ಬದಲಾಗಿದೆ. ಮೊದಲು ಬೀಜ ಬೇಕೆಂದರೆ ಸಿಂಧನೂರಿನ ಗಂಜಿಗೋ, ಲಿಂಗಸೂಗೂರಿನ ಅಂಗಡಿಗೋ ಹೋಗಿ ತರುವುದು ವಾಡಿಕೆಯಾಗಿತ್ತು. ದೂರದ ಊರಿನಿಂದ ತರಕಾರಿ ಬೀಜವನ್ನೋ ಕೃಷಿ ಪುಸ್ತಕವನ್ನೋ ತರಿಸಬೇಕಾದರೆ ಒಂದು ಕಾರ್ಡು ಬರೆದು ವಿ.ಪಿ. ಮೂಲಕ ತರಿಸಿಕೊಳ್ಳುತ್ತಿದ್ದರು. ಟಪಾಲಿನವನು ಪೊಟ್ಟಣ ತರುತ್ತಿದ್ದ, ಹಣ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ಈಗ ಅದೇ ಕೆಲಸ ಮೊಬೈಲಿನಲ್ಲಿ ನಡೆಯುತ್ತಿದೆ. ಹನಿ ನೀರಾವರಿಯ ಬಿಡಿಭಾಗ, ಮೋಹಕ ಬಲೆಯ ಲ್ಯೂರು, ಬ್ಯಾಟರಿ ಪಂಪಿನ ನಾಜಲ್ಲು, ಮೆಣಸಿನಕಾಯಿ ಬೀಜ, ಟ್ರೈಕೋಡರ್ಮಾ ಪುಡಿ ಇವೆಲ್ಲವೂ ಆನ್‌ಲೈನಿನಲ್ಲಿ ದೊರೆಯುತ್ತವೆ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂತಹ ಸರ್ಕಾರಿ ಸಂಸ್ಥೆಯೂ ತನ್ನ ಅರ್ಕಾ ತಳಿಗಳ ಬೀಜವನ್ನು ಈ ಮಾರ್ಗದಲ್ಲಿ ಮಾರುತ್ತದೆ. ಕೀಟನಾಶಕಗಳನ್ನು ಸಹ ಪರವಾನಗಿ ಇರುವ ಮಾರಾಟಗಾರರು ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರಬಹುದೆಂದು ಕೇಂದ್ರ ಸರ್ಕಾರವು 2022ರ ನವೆಂಬರಿನಲ್ಲಿ ಕೀಟನಾಶಕ ನಿಯಮಗಳಿಗೆ ತಿದ್ದುಪಡಿ ತಂದಿದೆ.

ಈ ಅನುಕೂಲದ ಜೊತೆಗೆ ಒಂದು ತೊಂದರೆಯೂ ಬಂದಿದೆ. ಸರಕನ್ನು ಯಾರ ಕೈಯಲ್ಲಿ ಕಳುಹಿಸಬೇಕೆಂಬುದನ್ನು ಮಾರುವವನು ನಿರ್ಧರಿಸುತ್ತಾನೆ, ಮತ್ತು ಆ ನಿರ್ಧಾರವನ್ನು ಕೊಳ್ಳುವವನಿಗೆ ಹೇಳದೆಯೇ ಬದಲಾಯಿಸುತ್ತಾನೆ. ಹೋದ ಸಲ ಅಂಚೆಯಲ್ಲಿ ಮನೆ ಬಾಗಿಲಿಗೆ ಬಂದ ಪಾರ್ಸೆಲ್ಲು ಈ ಸಲ ಕೊರಿಯರಿನಲ್ಲಿ ಹೊರಟು ಪೇಟೆಯಲ್ಲಿಯೇ ನಿಲ್ಲುತ್ತದೆ. ಪಟ್ಟಣದವರಿಗೆ ಇದು ಒಂದೆರಡು ದಿನದ ಕಿರಿಕಿರಿ ಮಾತ್ರ. ಬಿತ್ತನೆಯ ದಿನ ಕಾದಿರುವ ರೈತನಿಗೆ ಹಾಗಲ್ಲ. ಆದುದರಿಂದ ಸಾಗಣೆಯ ಮಾರ್ಗವನ್ನು ಸಹ ಬೀಜದ ತಳಿಯಷ್ಟೇ ವಿಚಾರಿಸಿ ಗೊತ್ತುಮಾಡಿಕೊಳ್ಳಬೇಕೆಂಬುದು ಈ ಲೇಖನದ ಉದ್ದೇಶ.

ಮಾರುವವರು ಮಾರ್ಗ ಬದಲಾಯಿಸುವುದೇಕೆ?

ಮೊದಲನೆಯ ಕಾರಣ ಬಾಡಿಗೆ. ಕೊರಿಯರಿನವರು ಸರಕಿನ ನಿಜವಾದ ತೂಕವನ್ನು ಮಾತ್ರ ನೋಡುವುದಿಲ್ಲ, ಅದು ವಾಹನದಲ್ಲಿ ಹಿಡಿಯುವ ಜಾಗವನ್ನೂ ಲೆಕ್ಕ ಹಾಕುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದ ಮೊತ್ತವನ್ನು 5,000ದಿಂದ ಭಾಗಿಸಿದರೆ ಎಷ್ಟು ಬರುತ್ತದೆಯೋ ಅಷ್ಟು ಕಿಲೋ ಎಂದು ಎಣಿಸುವುದು ಸಾಮಾನ್ಯ ಪದ್ಧತಿ. ಉದಾಹರಣೆಗೆ, ಬೆನ್ನಿಗೆ ಹಾಕಿಕೊಳ್ಳುವ ಸಿಂಪರಣಾ ಪಂಪಿನ ಪೆಟ್ಟಿಗೆ 55 ಸೆಂ.ಮೀ. ಎತ್ತರ, 40 ಸೆಂ.ಮೀ. ಅಗಲ, 25 ಸೆಂ.ಮೀ. ದಪ್ಪ ಇದೆಯೆನ್ನಿರಿ. ಗುಣಿಸಿದರೆ 55,000, ಭಾಗಿಸಿದರೆ 11. ಪಂಪಿನ ತೂಕ ಆರು ಕಿಲೋ ಇದ್ದರೂ ಬಾಡಿಗೆ ಹನ್ನೊಂದು ಕಿಲೋಗೆ. ಹೀಗಿರುವುದರಿಂದ ಹಗುರವಾದ ದೊಡ್ಡ ಸರಕಿಗೆ ಒಂದು ಮಾರ್ಗ, ಭಾರವಾದ ಚಿಕ್ಕ ಸರಕಿಗೆ ಇನ್ನೊಂದು ಮಾರ್ಗ ಅಗ್ಗವಾಗುತ್ತದೆ. ದರಪಟ್ಟಿ ಬದಲಾದಂತೆಲ್ಲಾ ಮಾರುವವನೂ ಸಾಗಣೆದಾರನನ್ನು ಬದಲಾಯಿಸುತ್ತಾನೆ. ದೊಡ್ಡ ವ್ಯಾಪಾರಿಗಳಲ್ಲಿ ಈ ನಿರ್ಧಾರವನ್ನು ಮನುಷ್ಯರು ಮಾಡುವುದೇ ಇಲ್ಲ. ಆ ದಿನ ಆ ಪಿನ್ ಕೋಡಿಗೆ ಯಾರದು ಕಡಿಮೆಯೋ ಅವರಿಗೆ ಕಂಪ್ಯೂಟರು ವಹಿಸಿಬಿಡುತ್ತದೆ.

ಎರಡನೆಯ ಕಾರಣ ಸರಕಿನ ಸ್ವಭಾವ. ವಿಷಕಾರಿ, ಬೆಂಕಿ ಹತ್ತುವ ಅಥವಾ ಅಪಾಯಕಾರಿ ವಸ್ತುಗಳನ್ನು ಅಂಚೆಯಲ್ಲಿ ಕಳುಹಿಸುವಂತಿಲ್ಲ. ಹೀಗಾಗಿ ಒಂದೇ ಆರ್ಡರಿನಲ್ಲಿ ಬೀಜವನ್ನೂ ಕೀಟನಾಶಕದ ಬಾಟಲಿಯನ್ನೂ ತರಿಸಿದರೆ ಅವೆರಡೂ ಬೇರೆ ಬೇರೆ ದಾರಿಯಲ್ಲಿ, ಬೇರೆ ಬೇರೆ ದಿನ ಬರಬಹುದು. ಒಂದು ಬಂದು ಇನ್ನೊಂದು ಬಾರದಿದ್ದರೆ ಮೋಸವಾಯಿತೆಂದು ಒಡನೆಯೇ ಗಾಬರಿಯಾಗಬೇಕಾಗಿಲ್ಲ.

ಮೂರನೆಯದು ಅಂಚೆ ಇಲಾಖೆಯಲ್ಲಿಯೇ ಆದ ಬದಲಾವಣೆ. ಇದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯ.

ರಿಜಿಸ್ಟರ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ಸೇರಿದ್ದು

ನಮ್ಮ ಹಳ್ಳಿಗಳಲ್ಲಿ ರಿಜಿಸ್ಟರ್ ಅಂಚೆಯೆಂದರೆ ಒಂದು ಭರವಸೆ ಇತ್ತು. ಯಾರ ಹೆಸರಿಗೆ ಬಂದಿದೆಯೋ ಅವರಿಗೇ ಕೊಟ್ಟು ಸಹಿ ಪಡೆಯಬೇಕು ಎಂಬುದು ಅದರ ಮುಖ್ಯ ಗುಣ. ಸ್ಪೀಡ್ ಪೋಸ್ಟ್ 1986ರ ಆಗಸ್ಟ್ 1ರಂದು ಆರಂಭವಾಯಿತು. ಅದು ಬೇಗ ತಲುಪಿಸುವ ಸೇವೆ. ವಿಳಾಸಕ್ಕೆ ಮುಟ್ಟಿಸಿದರೆ ಸಾಕು, ಆ ಮನೆಯಲ್ಲಿ ಇದ್ದವರು ತೆಗೆದುಕೊಳ್ಳಬಹುದು. ಈ ಎರಡನ್ನೂ 2025ರಲ್ಲಿ ಒಂದುಗೂಡಿಸಲಾಗಿದೆ. ಪ್ರತ್ಯೇಕ ರಿಜಿಸ್ಟರ್ ಅಂಚೆ ಈಗ ಇಲ್ಲ. ಹೆಸರಿನವರ ಕೈಗೇ ಕೊಡಬೇಕೆಂದಿದ್ದರೆ ಕಳುಹಿಸುವವನು ಸ್ಪೀಡ್ ಪೋಸ್ಟಿನ ಮೇಲೆ ‘ರಿಜಿಸ್ಟ್ರೇಷನ್’ ಎಂಬ ಸೌಲಭ್ಯವನ್ನು 5 ರೂಪಾಯಿ ಮತ್ತು ಜಿ.ಎಸ್.ಟಿ. ಹೆಚ್ಚಿಗೆ ಕೊಟ್ಟು ಪಡೆಯಬೇಕು. ಹಾಗೆಯೇ ಓಟಿಪಿ ಹೇಳಿದರೆ ಮಾತ್ರ ಕೊಡುವ ಸೌಲಭ್ಯಕ್ಕೂ 5 ರೂಪಾಯಿ ಮತ್ತು ಜಿ.ಎಸ್.ಟಿ. ಇದೆ. ಸ್ಪೀಡ್ ಪೋಸ್ಟಿನ ದರವು 2025ರ ಅಕ್ಟೋಬರ್ 1ರಿಂದ ಪರಿಷ್ಕೃತವಾಗಿ, 50 ಗ್ರಾಮಿನ ತನಕದ ಲಕೋಟೆಗೆ ಸ್ಥಳೀಯವಾಗಿ 19 ರೂ., ಹೊರ ಊರಿಗೆ 47 ರೂ. ಆಗಿದೆ, ಇದರ ಮೇಲೆ ಜಿ.ಎಸ್.ಟಿ.

ಹತ್ತು ಗ್ರಾಂ ಮೆಣಸಿನಕಾಯಿ ಬೀಜವನ್ನೋ, ನಾಟಿ ಬದನೆಯ ಬೀಜವನ್ನೋ ಲಕೋಟೆಯಲ್ಲಿ ಹಾಕಿ ರಿಜಿಸ್ಟರ್ ಮಾಡಿ ಕಳುಹಿಸುತ್ತಿದ್ದ ಸಣ್ಣ ಬೀಜ ಸಂರಕ್ಷಕರಿಗೆ ಈ ಬದಲಾವಣೆ ಹೆಚ್ಚು ತಟ್ಟಿದೆ. ಬೀಜದ ಬೆಲೆಗಿಂತ ಅಂಚೆ ಖರ್ಚೇ ಹೆಚ್ಚಾದಾಗ ಅವರು ಕೊರಿಯರಿನತ್ತ ಹೋಗುವುದು, ಇಲ್ಲವೇ ಇಷ್ಟು ಬೆಲೆಗಿಂತ ಕಡಿಮೆಯ ಆರ್ಡರ್ ಬೇಡವೆನ್ನುವುದು ಸಹಜವೇ. ಕೊಳ್ಳುವವರ ಪಾಲಿಗೆ ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ‘ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇವೆ’ ಎಂದರೆ ‘ನಿಮ್ಮ ಕೈಗೇ ಕೊಡುತ್ತಾರೆ’ ಎಂದು ಅರ್ಥವಲ್ಲ. ನಾವು ಹೊಲದಲ್ಲಿದ್ದಾಗ ಮನೆಯಲ್ಲಿದ್ದವರು ಪೊಟ್ಟಣ ಪಡೆದು, ಏನೆಂದು ತಿಳಿಯದೆ, ಬಿಸಿಲು ಬೀಳುವ ಕಟ್ಟೆಯ ಮೇಲೆ ಇಟ್ಟಿರಬಹುದು. ಮನೆಯವರಿಗೆ ಮೊದಲೇ ಹೇಳಿಡುವುದು ಒಳಿತು.

ಓಟಿಪಿ ವಿಷಯದಲ್ಲಿ ನಮ್ಮ ಭಾಗದ ಒಂದು ವಿಶೇಷ ತೊಂದರೆ ಇದೆ. ಆರ್ಡರ್ ಮಾಡುವವನು ಅನೇಕ ವೇಳೆ ಬೆಂಗಳೂರಿನಲ್ಲಿ ದುಡಿಯುತ್ತಿರುವ ಮಗ. ಅಪ್ಪನಿಗಾಗಿ ಅವನು ತನ್ನ ಫೋನಿನಿಂದ ಬೀಜ ತರಿಸಿರುತ್ತಾನೆ. ಪಾರ್ಸೆಲ್ಲು ಬರುವುದು ಊರಿಗೆ, ಓಟಿಪಿ ಹೋಗುವುದು ಬೆಂಗಳೂರಿಗೆ. ಬಾಗಿಲಲ್ಲಿ ನಿಂತ ಹುಡುಗ ಎರಡು ನಿಮಿಷ ಕಾದು ‘ಗ್ರಾಹಕರು ಸಿಗಲಿಲ್ಲ’ ಎಂದು ಬರೆದು ಹೋಗುತ್ತಾನೆ. ಆರ್ಡರ್ ಮಾಡುವಾಗ ವಿಳಾಸದ ಜೊತೆ ಕೊಡುವ ಮೊಬೈಲ್ ಸಂಖ್ಯೆ ಊರಿನಲ್ಲಿ ಇರುವವರದೇ ಆಗಿರಬೇಕು.

ಕ್ಯಾಂಪು, ದೊಡ್ಡಿ, ತಾಂಡಾಗಳ ವಿಳಾಸ

ಪಿನ್ ಕೋಡ್ ಪದ್ಧತಿ ನಮ್ಮ ದೇಶದಲ್ಲಿ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಮೊದಲ ಮೂರು ಅಂಕಿ 584 ಎಂದಿದ್ದರೆ ರಾಯಚೂರು ಕಡೆಯದೆಂದು ತಿಳಿಯುತ್ತದೆ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿಯನ್ನು ಸೂಚಿಸುತ್ತವೆ. ಲಿಂಗಸೂಗೂರು 584122, ಮಸ್ಕಿ 584124, ಸಿಂಧನೂರು 584128. ಆದರೆ ಒಂದು ಪಿನ್ ಕೋಡಿನ ಕೆಳಗೆ ಪಟ್ಟಣ ಮಾತ್ರವಲ್ಲ, ಸುತ್ತಲಿನ ಅನೇಕ ಹಳ್ಳಿಗಳೂ ಬರುತ್ತವೆ. ತೊಂದರೆಯ ಬೇರು ಇಲ್ಲಿಯೇ ಇದೆ. ಕೊರಿಯರಿನವರ ಶಾಖೆ ಸಿಂಧನೂರು ಪಟ್ಟಣದಲ್ಲಿದ್ದರೆ ಆ ಪಿನ್ ಕೋಡಿಗೆ ‘ಸೇವೆ ಇದೆ’ ಎಂದು ಮೊಬೈಲಿನಲ್ಲಿ ತೋರಿಸುತ್ತದೆ. ಹದಿನೈದು ಕಿಲೋಮೀಟರು ಆಚೆಯ ಕ್ಯಾಂಪಿನವರೂ ಅದನ್ನು ನಂಬಿ ಹಣ ಕಟ್ಟುತ್ತಾರೆ. ನಾಲ್ಕು ದಿನದ ಮೇಲೆ ‘ಬಸ್ ನಿಲ್ದಾಣದ ಹತ್ತಿರ ಬಂದು ತೆಗೆದುಕೊಂಡು ಹೋಗ್ರಿ’ ಎಂದು ಫೋನು ಬರುತ್ತದೆ.

ಇದರಿಂದಾಗುವ ನಷ್ಟವನ್ನು ಲೆಕ್ಕ ಹಾಕುವವರು ಕಡಿಮೆ. ನೂರು ರೂಪಾಯಿ ಅಗ್ಗವೆಂದು ತರಿಸಿದ ಸರಕಿಗೆ ಬಸ್ಸಿನ ಛಾರ್ಜು, ಒಂದು ಹೊತ್ತಿನ ಊಟ, ಅರ್ಧ ದಿನದ ಕೆಲಸ ಸೇರಿದರೆ ಉಳಿತಾಯ ಎಲ್ಲಿ ಉಳಿಯಿತು? 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ಪಾರ್ಸೆಲ್ಲು ತರುವ ಕೆಲಸವನ್ನು ಮನೆಯ ಹೆಂಗಸರಿಗೆ ವಹಿಸುವುದು ಕಂಡುಬರುತ್ತದೆ. ಟಿಕೇಟು ಉಚಿತವಾದರೂ ಅವರ ಆ ದಿನದ ಕಳೆ ತೆಗೆಯುವ ಕೂಲಿ ಉಚಿತವಲ್ಲ ಎಂಬುದನ್ನು ನೆನಪಿಡಬೇಕು.

ಅಂಚೆಯ ಸ್ಥಿತಿ ಬೇರೆ. ದೇಶದ ಸುಮಾರು 1,64,000 ಅಂಚೆ ಕಚೇರಿಗಳಲ್ಲಿ ಹತ್ತರಲ್ಲಿ ಒಂಬತ್ತು ಭಾಗ ಗ್ರಾಮಾಂತರದಲ್ಲಿವೆ. ಶಾಖಾ ಅಂಚೆ ಕಚೇರಿ ನಮ್ಮೂರಲ್ಲಿ ಇಲ್ಲದಿದ್ದರೂ ಪಕ್ಕದ ಊರಿನಲ್ಲಿರುತ್ತದೆ. ಅಲ್ಲಿಯ ಗ್ರಾಮೀಣ ಡಾಕ್ ಸೇವಕನಿಗೆ ಯಾವ ಮನೆ ಯಾರದೆಂದು ಗೊತ್ತು. ಅಂಚೆ ಒಂದೆರಡು ದಿನ ತಡವಾಗಬಹುದು. ಆದರೂ ಹಳ್ಳಿಯವರೆಗೆ ಬರುವುದು ಅದೇ. ಹಳ್ಳಿಯ ರೈತರು ಬೀಜ, ಲ್ಯೂರು, ನಾಜಲ್ಲುಗಳಂತಹ ಸಣ್ಣ ಸರಕಿಗೆ ಅಂಚೆಯನ್ನೇ ಕೇಳಿ ತರಿಸುವುದು ಲೇಸೆಂಬುದು ನನ್ನ ಅಭಿಪ್ರಾಯ. ಅಂಚೆಯಲ್ಲಿ ಹೊರಟಿದೆಯೇ ಎಂದು ಗುರುತಿಸುವುದು ಸುಲಭ. ಅದರ ಸಂಖ್ಯೆಯಲ್ಲಿ ಮೊದಲು ಎರಡು ಇಂಗ್ಲಿಷ್ ಅಕ್ಷರ, ನಂತರ ಒಂಬತ್ತು ಅಂಕಿ, ಕೊನೆಗೆ ‘ಐ’ ಮತ್ತು ‘ಎನ್’ ಅಕ್ಷರಗಳು ಹೀಗೆ ಒಟ್ಟು ಹದಿಮೂರು ಇರುತ್ತವೆ. ಈ ರೂಪದಲ್ಲಿ ಇಲ್ಲದಿದ್ದರೆ ಅದು ಬೇರೆ ಸಾಗಣೆದಾರನದು. ಅವನ ಶಾಖೆ ಎಲ್ಲಿದೆ ಎಂದು ಅಂದೇ ವಿಚಾರಿಸಿರಿ.

ವಿಳಾಸ ಬರೆಯುವುದರಲ್ಲಿಯೂ ಜಾಗ್ರತೆ ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಸುತ್ತಮುತ್ತ ಬೆಳೆದ ಕ್ಯಾಂಪುಗಳಲ್ಲಿ ಒಂದೇ ಬಗೆಯ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಪುನರ್ವಸತಿ ಕ್ಯಾಂಪುಗಳಿಗೆ ಹೆಸರಿನ ಬದಲು ಸಂಖ್ಯೆ ಇದೆ. ಲಿಂಗಸೂಗೂರು ಕಡೆಯ ದೊಡ್ಡಿ ಮತ್ತು ತಾಂಡಾಗಳು ಎಷ್ಟೋ ನಕ್ಷೆಗಳಲ್ಲಿ ಕಾಣುವುದೇ ಇಲ್ಲ. ಮಸ್ಕಿಯು ಹೊಸ ತಾಲ್ಲೂಕಾದಾಗ ಲಿಂಗಸೂಗೂರು, ಸಿಂಧನೂರು ಮೊದಲಾದ ತಾಲ್ಲೂಕುಗಳ ಹಳ್ಳಿಗಳು ಅದಕ್ಕೆ ಸೇರಿದವು. ಆಧಾರಿನಲ್ಲಿ ಹಳೆಯ ತಾಲ್ಲೂಕು, ಆರ್ಡರಿನಲ್ಲಿ ಹೊಸ ತಾಲ್ಲೂಕು ಎಂದಾದರೆ ಪಟ್ಟಣದಿಂದ ಪಟ್ಟಣಕ್ಕೆ ಪೊಟ್ಟಣ ಅಲೆದಾಡುತ್ತದೆ. ತಾಲ್ಲೂಕಿಗಿಂತ ಮುಖ್ಯವಾದದ್ದು ಅಂಚೆಯ ಹೆಸರು. ‘ಅಂಚೆ: ಇಂಥ ಊರು’ ಎಂದು ಬರೆದು, ಆ ಶಾಖಾ ಕಚೇರಿಯ ಪಿನ್ ಕೋಡನ್ನು ಪೋಸ್ಟ್‌ಮಾಸ್ತರರನ್ನೇ ಕೇಳಿ ಹಾಕಿರಿ. ಮನೆಯ ಗುರುತಿಗೆ ಶಾಲೆ, ಸೊಸೈಟಿ, ಉಪಕಾಲುವೆಯ ಸಂಖ್ಯೆ ಇಂತಹ ಅಳಿಯದ ಗುರುತನ್ನು ಕೊಡಿರಿ. ಅಂಚೆ ಇಲಾಖೆಯು 2025ರ ಮೇ ತಿಂಗಳಲ್ಲಿ ‘ಡಿಜಿಪಿನ್’ ಎಂಬ ಹತ್ತು ಅಕ್ಷರಗಳ ಗುರುತನ್ನು ಹೊರತಂದಿದೆ. ಅದು ಸುಮಾರು ನಾಲ್ಕು ಮೀಟರ್ ಚೌಕದ ಜಾಗವನ್ನು ತೋರಿಸುತ್ತದೆ. ಹೊಲದ ಮನೆಯವರು ಇದನ್ನು ವಿಳಾಸದ ಜೊತೆಗೆ ಸೇರಿಸಬಹುದು. ವಿಳಾಸದ ಬದಲಿಗೆ ಬರೆಯಬಾರದು.

ದಾರಿಯಲ್ಲಿ ಬೀಜ-ಜೀವಾಣುಗಳಿಗೆ ಆಗುವುದೇನು?

ಬೀಜವು ಜೀವವುಳ್ಳ ವಸ್ತು. ಅದರ ಆಯುಷ್ಯವನ್ನು ನಿರ್ಧರಿಸುವುದು ತೇವಾಂಶ ಮತ್ತು ಉಷ್ಣತೆ. ಬೀಜ ಶಾಸ್ತ್ರದಲ್ಲಿ ಒಂದು ಸ್ಥೂಲವಾದ ಲೆಕ್ಕವಿದೆ: ಬೀಜದ ತೇವಾಂಶ ಶೇಕಡಾ 1ರಷ್ಟು ಹೆಚ್ಚಾದರೆ ಆಯುಷ್ಯ ಅರ್ಧವಾಗುತ್ತದೆ, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಹೆಚ್ಚಾದರೂ ಅರ್ಧವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳಿನ ಉಷ್ಣತೆ 40 ಡಿಗ್ರಿ ಮೀರುವುದು ಎಲ್ಲರಿಗೂ ತಿಳಿದದ್ದೇ. ತಗಡಿನ ಛಾವಣಿಯ ಗೋದಾಮಿನಲ್ಲಿ, ಮುಚ್ಚಿದ ವ್ಯಾನಿನಲ್ಲಿ ಅದಕ್ಕಿಂತಲೂ ಹೆಚ್ಚು. ಒಣಗಿಸಿ, ಗಾಳಿಯಾಡದ ಪೊಟ್ಟಣದಲ್ಲಿ ಕಟ್ಟಿದ ಬೀಜ ಒಂದು ವಾರದ ಶಾಖವನ್ನು ತಡೆದುಕೊಂಡೀತು. ಕಾಗದದ ಲಕೋಟೆಯಲ್ಲಿ ಮಳೆಗಾಲದ ಹಸಿ ಹೀರಿ, ನಂತರ ಬಿಸಿಲಿಗೆ ಸಿಕ್ಕ ಈರುಳ್ಳಿ ಬೀಜ ತಡೆಯುವುದು ಕಷ್ಟ. ಈರುಳ್ಳಿ ಬೀಜ ಸ್ವಭಾವತಃ ಅಲ್ಪಾಯುಷಿ.

ಜೈವಿಕ ಪರಿಕರಗಳ ವಿಷಯ ಇನ್ನೂ ಸೂಕ್ಷ್ಮ. ಕಡಲೆ, ತೊಗರಿಗಳ ನೆಟೆ ರೋಗಕ್ಕೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡುವುದು ರೂಢಿಯಲ್ಲಿದೆ. ರೈಜೋಬಿಯಂ ಲೇಪನವನ್ನೂ ಮಾಡುತ್ತಾರೆ. ಇವುಗಳಲ್ಲಿರುವ ಜೀವಾಣುಗಳು 25-30 ಡಿಗ್ರಿಯಲ್ಲಿ ಸುಖವಾಗಿರುತ್ತವೆ. 40 ಡಿಗ್ರಿ ಮೀರಿದ ಶಾಖದಲ್ಲಿ ದಿನಗಟ್ಟಲೆ ಬಿದ್ದಿದ್ದರೆ ಅವುಗಳ ಸಂಖ್ಯೆ ಬೇಗನೆ ಕುಸಿಯುತ್ತದೆ. ಪೊಟ್ಟಣ ನೋಡಿದರೆ ಏನೂ ತಿಳಿಯುವುದಿಲ್ಲ. ಪುಡಿ ಮೊದಲಿನಂತೆಯೇ ಇರುತ್ತದೆ. ಸತ್ತ ಬೀಜ ಮೊಳೆಯದೆ ಒಂದು ವಾರದಲ್ಲಿ ತನ್ನ ಸ್ಥಿತಿಯನ್ನು ತಿಳಿಸುತ್ತದೆ. ಸತ್ತ ಟ್ರೈಕೋಡರ್ಮಾ ತಿಳಿಸುವುದು ಹೊಲದಲ್ಲಿ ನೆಟೆ ರೋಗ ಕಾಣಿಸಿಕೊಂಡ ಮೇಲೆ.

ಟ್ರೈಕೋಗ್ರಾಮಾ ಕಾರ್ಡುಗಳಂತೂ ಕೊರಿಯರಿಗೆ ತಕ್ಕ ವಸ್ತುವೇ ಅಲ್ಲ. ಭತ್ತದ ಕಾಂಡಕೊರಕ, ಎಲೆ ಸುರುಳಿ ಹುಳುಗಳ ತತ್ತಿಯನ್ನು ನಾಶಮಾಡುವ ಈ ಪರತಂತ್ರ ಜೀವಿಯು ಕಾರ್ಡಿನ ತತ್ತಿಯೊಳಗೆ ಬೆಳೆದು ಏಳೆಂಟು ದಿನಗಳಲ್ಲಿ ಹೊರಬರುತ್ತದೆ. ಅಷ್ಟರೊಳಗೆ ಗದ್ದೆಯಲ್ಲಿ ಕಟ್ಟಬೇಕು. ಪಾರ್ಸೆಲ್ಲು ಸಿಂಧನೂರಿನ ಶಾಖೆಯಲ್ಲಿ ಶನಿವಾರ, ಭಾನುವಾರ ನಿಂತರೆ ಜೀವಿಗಳು ಪೆಟ್ಟಿಗೆಯೊಳಗೇ ಹುಟ್ಟಿ ಅಲ್ಲಿಯೇ ಸಾಯುತ್ತವೆ; ರೈತನ ಕೈಗೆ ಬರುವುದು ಖಾಲಿ ತತ್ತಿಗಳ ಕಾರ್ಡು. ಇಂತಹ ವಸ್ತುಗಳನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿಯೋ ಹತ್ತಿರದ ಜೈವಿಕ ನಿಯಂತ್ರಣ ಪ್ರಯೋಗಾಲಯದಲ್ಲಿಯೋ ಮೊದಲೇ ತಿಳಿಸಿ, ಸ್ವತಃ ಹೋಗಿ, ತಂಪು ಹೊತ್ತಿನಲ್ಲಿ ತರುವುದೇ ಸರಿ. ಮೋಹಕ ಬಲೆಯ ಲ್ಯೂರುಗಳು ಇಷ್ಟು ಕೋಮಲವಲ್ಲ. ಲಕೋಟೆ ಹರಿಯದಿದ್ದರೆ ಅಂಚೆಯಲ್ಲಿ ಬರಬಹುದು. ಬಂದ ಮೇಲೆ ಬಳಸುವ ದಿನದವರೆಗೆ ಲಕೋಟೆಯನ್ನು ಬಿಚ್ಚದೆ ತಂಪಾದ ಜಾಗದಲ್ಲಿಡಬೇಕು.

ದಿನಗಳನ್ನು ಹಿಂದಿನಿಂದ ಎಣಿಸಬೇಕು

ಮೊಬೈಲಿನಲ್ಲಿ ‘ಐದು ದಿನದಲ್ಲಿ ತಲುಪುತ್ತದೆ’ ಎಂದು ತೋರಿಸಿದ್ದನ್ನು ನಂಬಿ ಬಿತ್ತನೆಯ ವಾರದಲ್ಲಿ ಆರ್ಡರ್ ಮಾಡುವುದು ಸರಿಯಾದ ಕ್ರಮವಲ್ಲ. ಬಿತ್ತುವ ದಿನದಿಂದ ಹಿಂದಕ್ಕೆ ಎಣಿಸಿರಿ. ಎರೆ ಭೂಮಿಯಲ್ಲಿ ಹಿಂಗಾರಿ ಕಡಲೆಯನ್ನು ಅಕ್ಟೋಬರಿನಲ್ಲಿ ಬಿತ್ತುತ್ತೇವೆ. ಆ ಬೆಳೆ ಭೂಮಿಯಲ್ಲಿ ಉಳಿದ ಹಸಿಯ ಮೇಲೆಯೇ ಬರಬೇಕು. ಪೊಟ್ಟಣಕ್ಕಾಗಿ ಒಂದು ವಾರ ಕಾದರೆ ಮೇಲಿನ ಪದರದ ಹಸಿ ಆರಿ ಮೊಳಕೆ ಕುಂದುತ್ತದೆ. ಆದುದರಿಂದ ಬಿತ್ತನೆಗೆ ಮುಂಚೆ ಮೊಳಕೆ ಪರೀಕ್ಷೆಗೆ ಒಂದು ವಾರ, ಬೀಜ ಕೆಟ್ಟಿದ್ದರೆ ಬೇರೆ ತರಲು ಒಂದು ವಾರ, ಸಾಗಣೆಗೆ ಹೇಳಿದ ದಿನಗಳ ಎರಡರಷ್ಟು, ಇಷ್ಟನ್ನು ಇಟ್ಟುಕೊಂಡರೆ ಸುಮಾರು ಇಪ್ಪತ್ತೈದು ದಿನ ಮೊದಲು ಆರ್ಡರ್ ಆಗಿರಬೇಕು. ದಸರಾ, ದೀಪಾವಳಿಯ ಮುಂದೆ ಪಟ್ಟಣದವರ ಬಟ್ಟೆ, ಮೊಬೈಲುಗಳ ರಾಶಿಯಲ್ಲಿ ನಮ್ಮ ಟ್ರೈಕೋಡರ್ಮಾ ಸಿಕ್ಕಿಕೊಳ್ಳುವ ಕಾಲವೂ ಅದೇ. ಮುಂಗಾರಿಯ ತೊಗರಿ, ಸಜ್ಜೆ, ಸೂರ್ಯಕಾಂತಿಗೆ ಮೇ ಮೊದಲ ವಾರದಲ್ಲಿ ಆರ್ಡರ್ ಮುಗಿಸಿದರೆ ಸಮಯ ಸಾಕು. ಆದರೆ ಬಿಸಿಲಿನ ತೊಂದರೆ ಇರುವುದರಿಂದ ಜೀವಾಣು ಗೊಬ್ಬರವನ್ನು ಆ ತಿಂಗಳಲ್ಲಿ ದೂರದಿಂದ ತರಿಸದೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಮೇಲು.

ಆರ್ಡರ್ ಮಾಡುವ ಮೊದಲು ಮಾರುವವನಿಗೆ ಒಂದು ಸಂದೇಶ ಬರೆದು ಕೇಳಿರಿ: ‘ಯಾರ ಮೂಲಕ ಕಳುಹಿಸುತ್ತೀರಿ? ನಮ್ಮ ಹಳ್ಳಿಯವರೆಗೆ ಬರುತ್ತದೆಯೇ? ಬೇರೆಯವರಿಗೆ ವಹಿಸಿದರೆ ಮೊದಲೇ ತಿಳಿಸುವಿರಾ?’ ಉತ್ತರ ಬರಹದಲ್ಲಿ ಇರಬೇಕು, ಫೋನಿನ ಮಾತು ಸಾಲದು. ಉತ್ತರವನ್ನೇ ಕೊಡದ ಮಾರಾಟಗಾರನಿಂದ ಬಿತ್ತನೆ ಬೀಜವನ್ನು ಕೊಳ್ಳದಿರುವುದು ಒಳ್ಳೆಯದು.

ಪಂಪು, ಪೈಪಿನ ಸುರುಳಿ, ತಾಡಪಾಲುಗಳಂತಹ ದೊಡ್ಡ ಸರಕಿಗೆ ಬಸ್ಸಿನ ಮಾರ್ಗವೂ ಇದೆ. 2021ರಲ್ಲಿ ‘ನಮ್ಮ ಕಾರ್ಗೋ’ ಹೆಸರಿನಲ್ಲಿ ರಾಜ್ಯದ ಸಾರಿಗೆ ನಿಗಮಗಳು ಪಾರ್ಸೆಲ್ ಸೇವೆ ಆರಂಭಿಸಿದವು. ಹುಬ್ಬಳ್ಳಿ, ರಾಯಚೂರಿನ ವ್ಯಾಪಾರಿಗಳು ಬಸ್ಸಿಗೆ ಹಾಕಿದರೆ ನಿಲ್ದಾಣಕ್ಕೆ ಹೋಗಿ ತರಬೇಕು, ನಿಜ. ಆದರೆ ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದು ಗೊತ್ತಿರುವುದರಿಂದ ಸಂತೆಯ ದಿನಕ್ಕೆ ಹೊಂದಿಸಿಕೊಳ್ಳಬಹುದು. ಪೇಟೆಗೆ ಹೋಗಲೇಬೇಕೆಂದಿದ್ದರೆ ಮೊದಲೇ ಗೊತ್ತಾಗಿ ಹೋಗುವುದೇ ಲೇಸು. ನಾಲ್ಕಾರು ಮಂದಿ ಸೇರಿ ಒಟ್ಟಿಗೆ ತರಿಸಿದರೆ ಖರ್ಚೂ ಹಂಚಿಹೋಗುತ್ತದೆ.

ಪೊಟ್ಟಣ ಬಂದಾಗ

ಪೊಟ್ಟಣವನ್ನು ಬಿಚ್ಚುವ ಮೊದಲು ಅದರ ಮೇಲಿನ ಚೀಟಿ, ದಿನಾಂಕಗಳ ಫೋಟೋ ತೆಗೆಯಿರಿ. ಬಿಚ್ಚುವುದನ್ನು ವಿಡಿಯೋ ಮಾಡಿದರೆ ಇನ್ನೂ ಒಳ್ಳೆಯದು. ಬೀಜದ ಚೀಟಿಯಲ್ಲಿ ಪರೀಕ್ಷೆ ಮಾಡಿದ ದಿನ ಮತ್ತು ವಾಯಿದೆಯನ್ನು ನೋಡಿರಿ. ಮೊದಲ ಪರೀಕ್ಷೆಯ ವಾಯಿದೆ ಒಂಬತ್ತು ತಿಂಗಳು ಮಾತ್ರ. ನಂತರ ಎಣಿಸಿ ನೂರು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನೆರಳಿನಲ್ಲಿಟ್ಟು, ಆರದಂತೆ ನೀರು ಚಿಮುಕಿಸುತ್ತಾ ಮೊಳೆತವುಗಳನ್ನು ಎಣಿಸಿರಿ. ಕನಿಷ್ಠ ಮೊಳಕೆ ಪ್ರಮಾಣವು ಭತ್ತಕ್ಕೆ ಶೇ. 80, ಕಡಲೆಗೆ 85, ತೊಗರಿಗೆ 75, ಟೊಮೆಟೊ ಮತ್ತು ಈರುಳ್ಳಿಗೆ 70, ಬೆಂಡೆಗೆ 65, ಮೆಣಸಿನಕಾಯಿಗೆ 60 ಇರಬೇಕು. ಕಡಿಮೆ ಬಂದರೆ ಉಳಿದ ಬೀಜವನ್ನು ಪೊಟ್ಟಣ ಮತ್ತು ಚೀಟಿ ಸಮೇತ ತೆಗೆದಿಡಬೇಕು. ಎಲ್ಲವನ್ನೂ ಬಿತ್ತಿಬಿಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ. ಕೀಟನಾಶಕದ ಬಾಟಲಿ ಸೋರಿ ಪೆಟ್ಟಿಗೆ ಒದ್ದೆಯಾಗಿದ್ದರೆ ಅದನ್ನು ತೆಗೆದುಕೊಳ್ಳಬೇಡಿರಿ, ಮನೆಯೊಳಗೂ ತರಬೇಡಿರಿ.

ಸಾಗಣೆದಾರ ಬದಲಾದಾಗ ಮೋಸಗಾರರಿಗೂ ಅವಕಾಶ ಸಿಗುತ್ತದೆ. ‘ನಿಮ್ಮ ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ ಸರಿಪಡಿಸಿ’ ಎಂದು ಅಂಚೆಯ ಹೆಸರಿನಲ್ಲಿ ಬರುವ ಸುಳ್ಳು ಸಂದೇಶಗಳು ದೇಶದಾದ್ಯಂತ ಹರಿದಾಡಿವೆ. ಐದು ಹತ್ತು ರೂಪಾಯಿ ಕಟ್ಟಿರಿ ಎಂದು ಕೇಳಿ ಬ್ಯಾಂಕಿನ ಹಣವನ್ನೇ ಎಳೆಯುತ್ತಾರೆ. ಲಿಂಕ್ ಒತ್ತಬೇಡಿರಿ, ಸಂಖ್ಯೆಯನ್ನು ತೆಗೆದುಕೊಂಡು ಅಂಚೆ ಕಚೇರಿಯಲ್ಲಿ ಕೇಳಿರಿ. ಓಟಿಪಿಯನ್ನು ಪಾರ್ಸೆಲ್ಲು ಕಣ್ಣೆದುರಿಗೆ ಬಂದ ಮೇಲೆ ಮಾತ್ರ ಹೇಳಬೇಕು. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಫೋನು ಮಾಡಿರಿ.

ಕಾನೂನು ಏನು ಹೇಳುತ್ತದೆ?

‘ನಾವು ಕಳಿಸಿಯಾಯಿತು, ಇನ್ನು ಕೊರಿಯರಿನವರನ್ನು ಕೇಳಿ’ ಎಂಬ ಉತ್ತರವನ್ನು ಬಹಳ ಮಂದಿ ಒಪ್ಪಿಕೊಂಡು ಸುಮ್ಮನಾಗುತ್ತಾರೆ. ಈ ಮಾತಿನ ಹಿಂದೆ ಹಳೆಯ ಕಾಯ್ದೆಯೊಂದು ಇದೆ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನ ಪ್ರಕಾರ ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಕೊಳ್ಳುವವನಿಗೆ ಒಪ್ಪಿಸಿದಂತೆಯೇ. ಆದರೆ ಅದೇ ಕಲಮಿನ ಮುಂದಿನ ಭಾಗದಲ್ಲಿ, ಸರಕಿನ ಸ್ವಭಾವಕ್ಕೆ ತಕ್ಕ ಸಾಗಣೆಯನ್ನು ಗೊತ್ತುಮಾಡುವುದು ಮಾರುವವನ ಕರ್ತವ್ಯವೆಂದೂ, ಹಾಗೆ ಮಾಡದೆ ದಾರಿಯಲ್ಲಿ ಸರಕು ಕೆಟ್ಟರೆ ಕೊಳ್ಳುವವನು ಆ ಒಪ್ಪಿಸುವಿಕೆಯನ್ನು ನಿರಾಕರಿಸಬಹುದೆಂದೂ ಇದೆ.

ಆನ್‌ಲೈನ್ ಖರೀದಿಗೆ 2020ರ ಜುಲೈಯಲ್ಲಿ ಬಂದ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಇನ್ನೂ ಸ್ಪಷ್ಟವಾಗಿವೆ. ಸರಕು ದೋಷವುಳ್ಳದ್ದಾಗಿದ್ದರೆ, ಅಥವಾ ಹೇಳಿದ ಅವಧಿಗಿಂತ ತಡವಾಗಿ ಬಂದರೆ, ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ಮಾರುವವನು ನಿರಾಕರಿಸುವಂತಿಲ್ಲ. ನೆರೆ ಮೊದಲಾದ ಕೈಮೀರಿದ ಕಾರಣದಿಂದ ತಡವಾಗಿದ್ದರೆ ಮಾತ್ರ ವಿನಾಯಿತಿ. ‘ಬೀಜ ವಾಪಸು ಪಡೆಯುವುದಿಲ್ಲ’ ಎಂದು ಅವನು ತಾನೇ ಬರೆದುಕೊಂಡ ಷರತ್ತು ಈ ನಿಯಮವನ್ನು ಮೀರಿಸಲಾರದು. ಸಾಗಣೆಯ ವಿವರವನ್ನು ಕೊಡುವುದೂ ಅವನ ಹೊಣೆ. ದೂರು ಕೊಟ್ಟರೆ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಹೀಗಿರುವಾಗ ಆರ್ಡರಿನ ದಿನ ಮೊಬೈಲಿನಲ್ಲಿ ಕಂಡ ‘ಇಂಥ ತಾರೀಖಿಗೆ ತಲುಪುತ್ತದೆ’ ಎಂಬ ಪುಟದ ಫೋಟೋ ಬಹಳ ಬೆಲೆಯುಳ್ಳದ್ದು. ಆ ತಾರೀಖು ಆಮೇಲೆ ತಾನಾಗಿಯೇ ಮುಂದಕ್ಕೆ ಹೋಗಿರುತ್ತದೆ. ಮೊದಲಿನ ಫೋಟೋ ನಮ್ಮ ಬಳಿ ಇದ್ದರೆ ವಾದ ಗಟ್ಟಿಯಾಗುತ್ತದೆ.

ರೈತನು ವ್ಯವಸಾಯಕ್ಕಾಗಿ ಬೀಜ ಕೊಂಡರೆ ಅವನು ಗ್ರಾಹಕನೇ ಅಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ತಳ್ಳಿಹಾಕಿದೆ. ಹಾಗಾಗಿ ರೈತರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೆಯಂತೆ ಮಾರುವವನು ದೆಹಲಿಯಲ್ಲಿದ್ದರೂ ಕೊಂಡವನು ವಾಸವಿರುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ.

ಅಷ್ಟು ದೂರ ಹೋಗುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿರಿ. ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನ ಬೆಳಕಿಗೆ ಬಂದ ವರ್ಷವೂ 1915ನೇ ಇಸವಿಯೇ. ನಮ್ಮ ಭಾಗದವರಿಗೆ ಈ ಸಂಖ್ಯೆ ಮರೆಯುವಂತಿಲ್ಲ. ಕರೆ ಮಾಡುವಾಗ ಆರ್ಡರಿನ ಸಂಖ್ಯೆ, ಹಣ ಕಟ್ಟಿದ ರಸೀದಿ, ಮಾರುವವನು ಬರೆದ ಸಂದೇಶ, ಪೊಟ್ಟಣದ ಚೀಟಿಯ ಫೋಟೋ ಇವುಗಳನ್ನು ಹತ್ತಿರ ಇಟ್ಟುಕೊಂಡಿರಬೇಕು. ಬೀಜದ ಪೊಟ್ಟಣ, ಚೀಟಿ ಮತ್ತು ಬಿಲ್ಲನ್ನಂತೂ ಸುಗ್ಗಿ ಮುಗಿಯುವ ತನಕ ತೆಗೆದಿಡಿರಿ.